ಕೈ ಎತ್ತಿಸದ ಗ್ರಾಮಸಭೆ

ಅಪ್ಪಾ,

ಓದಲು ಬಾರದ ನಿನಗೆ ಪತ್ರ ಬರೆಯುತ್ತಿದ್ದೇನೆ, ನಗಬೇಡ. ಬದುಕಿರುವವರ ಹತ್ತಿರ ಹೇಳಿಕೊಳ್ಳಲು ಧೈರ್ಯ ಸಾಲುತ್ತಿಲ್ಲ. ನೀನು ಹೋದ ಮೇಲೆ ನಾನು ಚುನಾವಣೆಗೆ ನಿಂತೆ, ಗೆದ್ದೆ, ಮೀಸಲಾತಿ ನಮ್ಮ ಕಡೆ ಬಂದು ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯೂ ಆದೆ. ತೋಟದ ಒಡೆಯರ ಎದುರು ಬಾಯಿ ಬಿಡದ ನಿನ್ನ ಮಗಳು ಈಗ ಕುರ್ಚಿಯ ಮೇಲೆ ಕೂರುತ್ತಾಳೆ, ಅವರು ಎದುರಿನ ಬೆಂಚಿನ ಮೇಲೆ. ಕೇಳಿದ್ದರೆ ಬೀಡಿ ಆರುವವರೆಗೂ ನಗುತ್ತಿದ್ದೆ ನೀನು. ಆದರೆ ನನಗೆ ಹೆದರಿಕೆ ಹಿಡಿದಿರುವುದು ಈ ಕುರ್ಚಿಯಲ್ಲಿ ಕೂತೇ.

ಇಬ್ರಾಹಿಂ ಸಾಯ್ಬರ ಮಗು ಜ್ವರದಲ್ಲಿ ತೀರಿಕೊಂಡ ದಿನ ನೆನಪಿದೆಯಾ? ನಾನು ಶಾಲೆಯಿಂದ ಬರುವಾಗ ನೀನು ಬಿದ್ದ ಅಡಿಕೆ ಮರವನ್ನು ಸೀಳುತ್ತಾ ಕೂತಿದ್ದೆ. ಸಾಯ್ಬರ ಮನೆಯಲ್ಲಿ ಸಾವಾದರೆ, ಮಣ್ಣು ಮೈಮೇಲೆ ಬೀಳದಂತೆ ಗುಂಡಿಯೊಳಗೆ ಅಡ್ಡ ಹಾಸುವ ಅಡಿಕೆ ದಬ್ಬೆಯನ್ನು ನಮ್ಮವರೇ ಸೀಳಿ ಕೊಡುವುದು ಊರಿನ ರೂಢಿ. ಮರ ತೋಟದವರದು, ಕೈ ನಮ್ಮದು. ಅವತ್ತು ನೀನು ಒಂದೊಂದು ದಬ್ಬೆಯನ್ನೂ ಅರ್ಧಕ್ಕೆ ಕಡಿದೆ, ಅಷ್ಟು ಸಣ್ಣ ಗುಂಡಿ ಅದು. ಕೂಲಿ ಎಷ್ಟು ಕೊಡ್ತಾರೆ ಎಂದು ಕೇಳಿದ್ದಕ್ಕೆ, "ಸಾವಿಗೆ ಎಂತ ಕೂಲಿ ಮಾರಾಯ್ತಿ, ಬಾಯಿ ಮುಚ್ಚು" ಎಂದು ಗದರಿದೆ. ಶಾಲೆಯ ಹಿಂದಿನ ಗುಡ್ಡದಲ್ಲಿ ಮಗುವನ್ನು ಮಣ್ಣು ಮಾಡಿದರು.

ಆ ಗುಡ್ಡವೇ ಈಗ... ಹೇಗೆ ಹೇಳಲಿ. ದಾಖಲೆಯಲ್ಲಿ ಅದು ಸರ್ಕಾರಿ ಜಾಗ. ಸಾಯ್ಬರ ಬೆರಳೆಣಿಕೆಯ ಮನೆಯವರು ಅಜ್ಜಂದಿರ ಕಾಲದಿಂದ ಅಲ್ಲೇ ಮಣ್ಣು ಮಾಡುತ್ತಿದ್ದರೂ, ಖಬರಸ್ಥಾನ ಎಂದು ಬರೆಸಬೇಕು ಅಂತ ಯಾರಿಗೂ ಹೊಳೆದೇ ಇರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಬರೆಸುವುದೇನು ಅಂದುಕೊಂಡಿರಬೇಕು. ಈಗ ಅಲ್ಲಿ ಭಜನಾ ಮಂದಿರ ಕಟ್ಟಬೇಕು ಎಂದು ಕೆಲವರು ಅರ್ಜಿ ಕೊಟ್ಟರು. ಗ್ರಾಮಸಭೆಯಲ್ಲಿ ಕೈ ಎತ್ತಿಸಿ, ಯಾರು ಜಾಸ್ತಿಯೋ ಅವರ ಮಾತು ನಡೆಯಲಿ ಎಂದರು. ಅರ್ಜಿ ತಂದವನು ಯಾರು ಗೊತ್ತಾ? ನೀನು ಮರ ಹತ್ತಲು ಕಲಿಸಿದ ಶೇಖರ. "ಅಕ್ಕಾ, ಪ್ರಜಾಪ್ರಭುತ್ವ ಅಂದ್ರೆ ಅದೇ ಅಲ್ದಾ? ನಾವು ಜಾಸ್ತಿ ಇದೀವಿ. ಇದ್ರಲ್ಲಿ ತಪ್ಪೆಂತ?" ಎಂದು ನಗುತ್ತಲೇ ಕೇಳಿದ.

ಕೈ ಎತ್ತಿಸಲು ನಾನು ಹಿಂಜರಿಯುತ್ತಿದ್ದೇನೆ ಎಂದು ಊರಿಗೆ ಗೊತ್ತಾಯಿತು. ಜಯಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನಮ್ಮೂರಿನವನೇ ಒಬ್ಬ ಬೈಕ್ ನಿಲ್ಲಿಸಿ, "ಮಗಳು ಕೊಪ್ಪ ಕಾಲೇಜಿಗೆ ಹೋಗೋದಲ್ವಾ ಅಕ್ಕಾ? ಬೆಳಗ್ಗಿನ ಬಸ್ಸಿಗಲ್ವಾ?" ಎಂದು ಕೇಳಿ ಹೋದ. ಅಷ್ಟೇ. ಬೈಯಲಿಲ್ಲ, ಗದರಲಿಲ್ಲ. ಪೊಲೀಸರಿಗೆ ಹೇಳಿದರೆ ಇದರಲ್ಲಿ ಏನಿದೆ ಅನ್ನುತ್ತಾರೆ. ಆದರೆ ಅವತ್ತಿನಿಂದ ಮಗಳು ಬಸ್ ಹತ್ತಿ ಫೋನ್ ಮಾಡುವವರೆಗೆ ನಾನು ಬೇರೆ ಕೆಲಸ ಹಿಡಿಯುತ್ತಿರಲಿಲ್ಲ. ನಿನ್ನ ಅಳಿಯನ ಆಟೋಕ್ಕೆ ಗಿರಾಕಿ ಕಮ್ಮಿಯಾಯಿತು. "ನಿಂಗೆ ಯಾಕೆ ಊರ ಉಸಾಬರಿ? ಕೈ ಎತ್ತಿಸಿ ಬಿಡು, ಪಾಪ ಬಂದ್ರೆ ಎತ್ತಿದೋರಿಗೆ ಬರ್ಲಿ" ಎಂದರು ಅವರು. ಬೈಯಬೇಡ ಅಪ್ಪ, ಅವರಿಗೂ ಹೆದರಿಕೆ. ಗೊತ್ತಿಲ್ಲದವರಿಗೆ ಹೆದರುವುದು ಬೇರೆ. ಮದುವೆಯಲ್ಲಿ ನನಗೆ ಬಡಿಸಿದವರಿಗೆ, ನಾನು ಎತ್ತಿ ಆಡಿಸಿದವರಿಗೆ ಹೆದರುವುದು ಹೇಗೆ ಅಂತ ನೀನು ಕಲಿಸಿಯೇ ಇರಲಿಲ್ಲ.

ಸಭೆಗೆ ಮುಂಚೆ ಇಬ್ರಾಹಿಂ ಸಾಯ್ಬರು ಪಂಚಾಯಿತಿಗೆ ಬಂದಿದ್ದರು. ಬೇಡಿಕೊಳ್ಳಲು ಬಂದಿದ್ದಾರೆ ಅಂದುಕೊಂಡೆ. ಅವರು ನನ್ನನ್ನೇ ಸಮಾಧಾನ ಮಾಡಿದರು. "ನೀ ಹೆದರ್ಬೇಡ ತಂಗಿ. ನಮ್ಮಿಂದ ನಿನ್ನ ಮನೆಗೆ ತೊಂದ್ರೆ ಆಗೋದು ಬೇಡ. ಇನ್ಮೇಲೆ ನಮ್ಮಲ್ಲಿ ಸತ್ತೋರನ್ನ ನರಸಿಂಹರಾಜಪುರದ ಖಬರಸ್ಥಾನಕ್ಕೆ ತಗೊಂಡು ಹೋಗ್ತೀವಿ. ನನ್ನ ಹೆಂಡ್ತಿ ಒಬ್ಳು... ಅವಳ್ನ ಮಗು ಪಕ್ಕ ಇಡೋಕೆ ಬಿಟ್ರೆ ಸಾಕಿತ್ತು." ಅವರ ಹೆಂಡತಿ ಬೀಬಕ್ಕ ಹಾಸಿಗೆ ಹಿಡಿದು ತಿಂಗಳುಗಳಾದವು. ಹುಟ್ಟಿದ ಊರಿನಲ್ಲಿ ಹೆಂಡತಿಗೆ ಆರಡಿ ಜಾಗವನ್ನು ಒಬ್ಬ ಮನುಷ್ಯ ಇಷ್ಟು ಮೆಲ್ಲಗೆ ಕೇಳಬೇಕಾ? ನನಗೆ ಅಳು ಬಂತು, ಸಿಟ್ಟೂ ಬಂತು. ಅವರ ಮೇಲೆಯೇ ಬಂತು, ಯಾಕೆ ಇಷ್ಟು ತಗ್ಗುತ್ತಾರೆ ಅಂತ.

ಅವರು ಹೋದ ಮೇಲೆ ನಿನ್ನ ಅಪ್ಪನ ಸಾವು ನೆನಪಾಯಿತು. ಒಂದೇ ಸಲ ಹೇಳಿದ್ದೆ ನೀನು, ಅದೂ ಕುಡಿದಾಗ. ನಮ್ಮವರ ಹೆಣ ಊರ ಮಸಣಕ್ಕೆ ಬರಬಾರದು ಎಂದು ತಡೆದರು, ಹಳ್ಳದ ಬದಿಯ ಒದ್ದೆ ಜಾಗದಲ್ಲಿ ಸುಟ್ಟೆವು, ಸರಿಯಾಗಿ ಉರಿಯಲೇ ಇಲ್ಲ ಎಂದು. ಅವತ್ತು ಊರಿನಲ್ಲಿ ಕೈ ಎತ್ತಿಸಿದ್ದರೆ ನಮ್ಮ ಕಡೆ ಎಷ್ಟು ಕೈ ಏಳುತ್ತಿತ್ತು ಅಪ್ಪ? ಆಮೇಲೆ ಮಸಣದ ಬಾಗಿಲು ತೆರೆದದ್ದು ಊರವರ ಮನಸ್ಸು ಕರಗಿ ಅಲ್ಲವಲ್ಲ. ಕಾನೂನಿಗೆ ಹೆದರಿ ತಾನೇ?

ಸಭೆಯ ದಿನ ಶಾಲೆಯ ಹಾಲ್ ತುಂಬಿತ್ತು. ಸಾಯ್ಬರ ಮನೆಯವರು ಬಾಗಿಲ ಹತ್ತಿರ ನಿಂತಿದ್ದರು, ಓಡಲು ಅನುಕೂಲವಾಗಲಿ ಅಂತಲೋ ಏನೋ. ನಾನು ಮೈಕ್ ಹಿಡಿದು ಎದ್ದು ನಿಂತೆ. "ರಸ್ತೆ ಮೊದ್ಲು ಎಲ್ಲಿಗೆ, ನೀರು ಯಾವ ಕೇರಿಗೆ, ಅದಕ್ಕೆಲ್ಲ ಕೈ ಎತ್ತಿಸುವ. ಒಬ್ರ ಹೆಣ ಎಲ್ಲಿ ಮಣ್ಣಾಗ್ಬೇಕು ಅಂತ ನಾ ಕೈ ಎತ್ಸಲ್ಲ. ನಮ್ಮ ಅಜ್ಜನ್ನ ಎಲ್ಲಿ ಸುಟ್ರು ಅಂತ ಇಲ್ಲಿ ಹಿರಿಯೋರಿಗೆ ಗೊತ್ತುಂಟು" ಎಂದೆ. ಹಿಂದಿನಿಂದ ಒಬ್ಬರು ಕೂಗಿದರು, ಕುರ್ಚಿಗಳು ಬಿದ್ದವು. ಮುಂದಿನ ಸಾಲಿನ ಹಿರಿಯರು ಮಾತ್ರ ತಲೆ ಎತ್ತಲಿಲ್ಲ. ಶೇಖರ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದ, ಈ ಸಲ ನಗಲಿಲ್ಲ.

ಈಗ ಸದಸ್ಯರು ನನ್ನ ಮೇಲೆ ಅವಿಶ್ವಾಸ ತರಲು ಓಡಾಡುತ್ತಿದ್ದಾರೆ. ತರಲಿ. ಈ ಕುರ್ಚಿ ಅವರೇ ಕೈ ಎತ್ತಿ ಕೊಟ್ಟದ್ದು, ಅವರೇ ಕೈ ಎತ್ತಿ ತೆಗೆದುಕೊಳ್ಳಬಹುದು. ಅದಕ್ಕಿಂತ ಮುಂಚೆ ಆ ಜಾಗವನ್ನು ಖಬರಸ್ಥಾನ ಎಂದು ದಾಖಲೆ ಮಾಡಿಕೊಡಿ ಎಂದು ತಾಲೂಕು ಆಫೀಸಿಗೆ ಬರೆದುಕೊಟ್ಟೆ. ಅದೇ ಸಾಯಂಕಾಲ ಮಗಳನ್ನು ಶೃಂಗೇರಿಯ ಚಿಕ್ಕಮ್ಮನ ಮನೆಗೆ ಕಳಿಸಿದೆ. ಧೈರ್ಯವಂತೆ ಅಂದುಕೊಳ್ಳಬೇಡ.

ನಿನ್ನೆ ಸರ್ವೆಯವನು ಅಳತೆಗೆ ಬಂದಿದ್ದ. ಸರಪಳಿಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು ಎಂದ. ಬೇಲಿಯಾಚೆ ಅಷ್ಟು ಜನ ನಿಂತಿದ್ದರು, ಯಾರೂ ಒಳಗೆ ಬರಲಿಲ್ಲ. ಸಾಯ್ಬರು ಹಿಡಿದರೆ ತಕರಾರು ಬರುತ್ತದೆ ಎಂದ. ನಾನೇ ಸೆರಗು ಸಿಕ್ಕಿಸಿಕೊಂಡು ಹಿಡಿದೆ. ಕೈ ನಡುಗಿ ಸರಪಳಿ ಸದ್ದು ಮಾಡುತ್ತಿತ್ತು ಅಪ್ಪ, "ಅಲ್ಲಾಡಿಸಬೇಡಿ ಮೇಡಂ, ಅಳತೆ ತಪ್ಪತ್ತೆ" ಎಂದು ಅವನು ಎರಡು ಸಲ ಹೇಳಿದ. ನಾಲ್ಕೂ ಮೂಲೆಗೆ ಕಲ್ಲು ನೆಡುವವರೆಗೆ ನಾನು ಆ ತುದಿ ಬಿಡಲಿಲ್ಲ.

ನಿನ್ನ ಮಗಳು