ತಿಕೋಟಾ ಬರುವವರೆಗಿನ ಪ್ರಾರ್ಥನೆ

ಜನವರಿ ೬, ಸೋಮವಾರ

ಬಸ್ಸು ಇವತ್ತೂ ತಡ. ಹತ್ತಿದಾಗ ಕಿಟಕಿ ಪಕ್ಕದ ಸೀಟಿನಲ್ಲಿ ಆಮ್ರಪಾಲಿಯ ಕರ್ಚೀಫು ಬಿದ್ದಿತ್ತು, ಅಂದರೆ ಅದು ನನ್ನ ಜಾಗ. ವಿಜಯಪುರದ ಜಲನಗರದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಅವಳ ಮನೆ. ತಿಕೋಟಾ ಆಸ್ಪತ್ರೆಯಲ್ಲಿ ನರ್ಸು. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು.

ಊರು ದಾಟಿದ ಮೇಲೆ ಎಂದಿನಂತೆ ಕಣ್ಣು ಮುಚ್ಚಿದೆ. ಪ್ರಾರ್ಥನೆಗೆ. ಮನೆಯಲ್ಲಿ ಬೆಳಿಗ್ಗೆ ಕುಕ್ಕರಿನ ಸೀಟಿ ಎಣಿಸುತ್ತ ಎಂಥ ಪ್ರಾರ್ಥನೆ! ಆದರೆ ಆಮ್ರಪಾಲಿ ಅದನ್ನು ನಿದ್ದೆ ಎಂದೇ ತಿಳಿದಿದ್ದಾಳೆ. ಹಿಂದಿನ ಸೀಟಿನ ಕಾಲೇಜು ಹುಡುಗರಿಗೆ ಮೊಬೈಲ್ ಹಾಡು ಸಣ್ಣ ಮಾಡಿ, ಅಕ್ಕಾರು ಮಲಗಿದ್ದಾರೆ ಎಂದು ಗದರುತ್ತಾಳೆ. ವರ್ಷಗಳಿಂದ ಹೀಗೇ ನಡೆದಿದೆ. ನಿದ್ದೆಯಲ್ಲ ಕಣೇ ಎಂದು ಹೇಳಲು ಎಷ್ಟು ಹೊತ್ತು? ಹೇಳಿಲ್ಲ. ಹೇಳಿದರೆ ಯಾರಿಗೆ, ಯಾಕೆ ಎಂದು ಕೇಳುತ್ತಾಳೆ. ಕೇಳಲಿ ಎಂದೇ ನನಗೆ ಆಸೆ... ಕೇಳಿಬಿಟ್ಟರೆ ಎಂದು ಭಯ.

ಜನವರಿ ೧೨, ರವಿವಾರ

ಹಿಡಿ ಜೋಳದ ಡಬ್ಬಿ ಚರ್ಚಿಗೆ ಒಯ್ದೆ. ರೊಟ್ಟಿಗೆಂದು ಜೋಳ ಅಳೆಯುವಾಗ ಒಂದು ಹಿಡಿ ತೆಗೆದಿಡುವುದು ನಮ್ಮ ಸಭೆಯ ಹೆಂಗಸರ ಪದ್ಧತಿ. ಎಲ್ಲರದೂ ಕೂಡಿಸಿ ಮಾರಿ, ದೂರದೂರಿಗೆ ಯೇಸುವಿನ ಸುವಾರ್ತೆ ಸಾರಲು ಹೋದವರಿಗೆ ಕಳಿಸುತ್ತಾರೆ. ನಾನೀಗ ರೊಟ್ಟಿಯನ್ನೇ ಕೊಂಡು ತರುವವಳು. ಆದರೂ ಅವ್ವನ ರೂಢಿ ಬಿಡಬಾರದೆಂದು ಹಿಡಿಗಾಗಿಯೇ ಅಂಗಡಿಯಿಂದ ಜೋಳ ತರುತ್ತೇನೆ. ನಗುವವರು ನಗಲಿ.

ಪಾಸ್ಟರು ಡಬ್ಬಿಗಳ ಸಾಲು ನೋಡಿ, "ಜೋಳ ಭಾಳ ದೂರ ಹೋಗೇತ್ರಿ. ಜೋಳ ಕೊಟ್ಟಾವರು ಯಾವಾಗ ಹೋಗಾವರು?" ಅಂದರು. ದೂರ ಹೋಗುವುದು ಬೇಡವಂತೆ, ಮಗ್ಗುಲಿಗೆ ಹೋದರೆ ಸಾಕಂತೆ. ಈಸ್ಟರ್ ತನಕ ಒಬ್ಬರ ಹೆಸರು ಹಿಡಿದು ಪ್ರಾರ್ಥಿಸಿ, ಒಮ್ಮೆಯಾದರೂ ಅವರೊಂದಿಗೆ ಬಾಯಿಬಿಟ್ಟು ಮಾತಾಡಿ, ಒತ್ತಾಯ ಬೇಡ, ಆಮಿಷವಂತೂ ಬೇಡವೇ ಬೇಡ ಎಂದರು.

ಹೆಸರು ಹುಡುಕಬೇಕಾಗಲಿಲ್ಲ. ಪಿಯುಸಿ ಮುಗಿದಾಗ ಮಿಷನ್ ಸೇವೆಗೆ ಹೋಗುತ್ತೇನೆ ಎಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟವಳು ನಾನು. ಅಪ್ಪ ಬಿ.ಎಡ್.ಗೆ ಕಳಿಸಿದರು. ಆ ಆಸೆ ಇನ್ನೂ ಹೋಗಿಲ್ಲ. ಈಗ ಹೋಗಬೇಕಾದದ್ದು ಒಂದು ಸೀಟಿನಷ್ಟು ದೂರ. ಅದೂ ಆಗುತ್ತಿಲ್ಲ.

ಜನವರಿ ೧೭, ಶುಕ್ರವಾರ

ಇವತ್ತು ಹೇಳಿಯೇ ತೀರುತ್ತೇನೆ ಎಂದು ಹೊರಟೆ. ಮಾತಾಡಿದ್ದು ಏನು? ದ್ರಾಕ್ಷಿ ರೇಟು. ಆಮೇಲೆ ಅವಳ ಮಗಳು ಸಂಘಮಿತ್ರಾಳ ಮಾತು ಬಂತು. ಎರಡನೇ ಇಯತ್ತೆ. ಹುಟ್ಟಿನಿಂದ ಹೃದಯದಲ್ಲಿ ರಂಧ್ರ. ಮಿರಜದ ದೊಡ್ಡಾಸ್ಪತ್ರೆಯಲ್ಲಿ ಆಪರೇಶನ್ ಆಗಬೇಕು, ತೂಕ ಸ್ವಲ್ಪ ಏರಲಿ ಎಂದು ಡಾಕ್ಟರು ಕಾಯಿಸುತ್ತಿದ್ದಾರೆ. ಕಣ್ಣು ಮುಚ್ಚಿದಾಗ ನಾನು ದಿನಾ ಮೊದಲು ಹೇಳುವ ಹೆಸರು ಈ ಹುಡುಗಿಯದೇ. ತಾಯಿಗೆ ಗೊತ್ತಿಲ್ಲ.

ಸ್ಟಾಫ್ ರೂಮಿನಲ್ಲಿ ಯಾವುದೋ ಊರಿನ ಮತಾಂತರದ ಗಲಾಟೆ ಸುದ್ದಿ. ನಾನು ಒಳಗೆ ಹೋದ ಕೂಡಲೇ ದನಿ ತಗ್ಗಿತು. ನಿಮಗೆ ಅಂದದ್ದಲ್ಲ ಎಂದರು ಹೆಡ್‌ಮಾಸ್ತರ ಶಂಕ್ರೆಪ್ಪ. ನನಗಲ್ಲದಿದ್ದರೆ ಎಲ್ಲರೂ ನನ್ನ ಮುಖ ಯಾಕೆ ನೋಡಿದರು? ಮೈ ಉರಿಯಿತು. ಸಿಟ್ಟು ಇಳಿದ ಮೇಲೆ ಬೇರೆಯೇ ಯೋಚನೆ ಶುರುವಾಯಿತು. ಮಗಳ ಚಿಂತೆಯಲ್ಲಿ ಸೊರಗಿದ ತಾಯಿಯ ಮುಂದೆ ದೇವರ ಮಾತು ಎತ್ತುವುದೂ ಒತ್ತಾಯವೇ ಅಲ್ಲವೇ? ಮತ್ತೆ, ಬೇಡಿದ್ದು ಆಗದಿದ್ದರೆ...

ಜನವರಿ ೨೯, ಬುಧವಾರ

ಕಣ್ಣು ತೆರೆದರೆ ಆಮ್ರಪಾಲಿ ನನ್ನನ್ನೇ ನೋಡುತ್ತಿದ್ದಾಳೆ.

"ಅಕ್ಕಾರ, ನಿದ್ದಿ ಮಾಡಾವರ ತುಟಿ ಹಿಂಗ ಅಳ್ಳಾಡೂದಿಲ್ರಿ. ವಾರ್ಡಿನ್ಯಾಗ ಎಷ್ಟ ಮಂದೀನ ನೋಡೇನಿ ನಾ."

ಸಿಕ್ಕಿಬಿದ್ದ ಕಳ್ಳಿಯಂತಾದೆ. ಬಹಳ ದಿನದಿಂದ ಗೊತ್ತಂತೆ. ಹಾಗಾದರೆ ಮಲಗಿದ್ದಾರೆ ಎಂದು ಹುಡುಗರನ್ನು ಗದರುವುದೇಕೆ ಎಂದು ಕೇಳಿದೆ. ಪ್ರಾರ್ಥನೆ ಎಂದರೆ ಚೇಷ್ಟೆ ಮಾಡುತ್ತಾರೆ, ನಿದ್ದೆ ಎಂದರೆ ಸುಮ್ಮನಾಗುತ್ತಾರೆ ಎಂದಳು. ನಾನು ಮುಚ್ಚಿಟ್ಟದ್ದನ್ನು ಇಷ್ಟು ದಿನ ಅವಳೂ ಸೇರಿ ಮುಚ್ಚಿಟ್ಟಿದ್ದಾಳೆ.

ಇಳಿಯುವಾಗ, ಯಾರಿಗಾಗಿ ಮಾಡುತ್ತೀರಿ ಎಂದು ಕೇಳಿದಳು. ಇದೇ ಪ್ರಶ್ನೆಗೆ ಕಾದಿದ್ದೆನಲ್ಲ! ನಾಳೆ ಹೇಳುತ್ತೇನೆ ಎಂದುಬಿಟ್ಟೆ. ನಾಳೆಯಂತೆ ನಾಳೆ. ಹೇಡಿ.

ಫೆಬ್ರವರಿ ೪, ಮಂಗಳವಾರ

ಮರುದಿನದಿಂದ ಅವಳು ಬಸ್ಸಿಗೆ ಬಂದಿರಲಿಲ್ಲ. ಮಗಳಿಗೆ ಜ್ವರ ಎಂದು ರಜೆ. ಇವತ್ತು ಮೆಸೇಜು — ಬಬಲೇಶ್ವರಕ್ಕೆ ಡೆಪ್ಯುಟೇಶನ್. ಗಂಡ ರಾಜಾರಾಮನ ತಾಯಿ ಇರುವುದು ಅಲ್ಲೇ, ಹುಡುಗಿಯನ್ನು ನೋಡಿಕೊಳ್ಳಲು ಜನ ಆಗುತ್ತಾರೆಂದು ಮನೆಯನ್ನೂ ಅಲ್ಲಿಗೇ ಒಯ್ದಿದ್ದಾರೆ. ಸಂಜೆ ಆ ಓಣಿಗೆ ಹೋದೆ. ಬೀಗ. ಬಾಗಿಲ ಮೇಲಿದ್ದ, ಬೌದ್ಧರ ಮನೆಯ ಗುರುತಿನ ನೀಲಿ ಬಾವುಟ ಬಿಚ್ಚಿಕೊಂಡು ಹೋಗಿದ್ದಾರೆ.

ಬಬಲೇಶ್ವರ ಏನು ಅಮೆರಿಕವೇ? ವಿಜಯಪುರದಿಂದ ಒಂದು ತಾಸೂ ಆಗುವುದಿಲ್ಲ. ಆದರೆ ಬೇರೆ ರಸ್ತೆ, ಬೇರೆ ಬಸ್ಸು.

ಮಾರ್ಚ್ ೨, ರವಿವಾರ

ಏನೂ ಬರೆದಿಲ್ಲ. ಬರೆಯಲು ಏನಿದೆ? ಕರ್ಚೀಫು ಇಲ್ಲ, ಸೀಟೂ ಇಲ್ಲ. ಕಂಬಿ ಹಿಡಿದು ನಿಂತು ಹೋಗುತ್ತೇನೆ. ಕಣ್ಣು ಮುಚ್ಚಿದರೆ ಯಾರದೋ ಮೈಮೇಲೆ ಬೀಳುತ್ತೇನೆ. ಮೊಬೈಲಿನ ಹಾಡು ಜೋರಾಗಿರುತ್ತದೆ, ಗದರುವವರಿಲ್ಲ.

ಚರ್ಚು ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿಗೆ ಹೋದೆ. ಬಬಲೇಶ್ವರದ ಬಸ್ಸು ನಿಂತಿತ್ತು. ಹತ್ತಿ ಕೂತೆ. ಯಾಕೆ ಬಂದಿರಿ ಎಂದು ಅವಳ ಅತ್ತೆ ಕೇಳಿದರೆ ಏನು ಹೇಳಲಿ? ಇಳಿದೆ. ಬಸ್ಸು ಹೋಗುವುದನ್ನು ನೋಡುತ್ತ ನಿಂತೆ.

ಅವಳು ನಮ್ಮ ಸಭೆಗೆ ಬಂದರೆ ನನಗೆ ಸಂತೋಷವೇ, ಇಲ್ಲಿ ಯಾಕೆ ಸುಳ್ಳು ಬರೆಯಲಿ. ಆದರೆ ಈಗ ಬೇಕಾಗಿರುವುದು ಅದಲ್ಲ. ಅವಳು ಮಗ್ಗುಲಲ್ಲಿ ಬೇಕು. ನಾನು ದಿನಾ ಯಾರ ಜೊತೆ ಮಾತಾಡುತ್ತೇನೆಂದು ಅವಳಿಗೆ ಗೊತ್ತಾಗಬೇಕು.

ಮಾರ್ಚ್ ೧೩, ಗುರುವಾರ

ಫೋನು ಮಾಡಿದಳು! ಯಾರಿಗಾಗಿ ಎಂದು ಹೇಳಲೇ ಇಲ್ಲವಲ್ಲ ಎಂದಳು.

"ನಿನ್ನ ಮಿತ್ರಾನ ಸಲುವಾಗಿ ಬೇ. ದಿನಾ. ಯೇಸುವಿನ ಹತ್ರ ಕೇಳ್ತೇನಿ." ಬಂದುಬಿಟ್ಟಿತು ಮಾತು.

ಆ ಕಡೆ ಅವಳು ಅಳುತ್ತಿದ್ದಳು. ಆಮೇಲೆ ತಾನು ಚರ್ಚಿಗೆ ಬರುವವಳಲ್ಲ, ಮನೆಯಲ್ಲಿ ಬುದ್ಧವಂದನೆ ಇದೆ, ಅದನ್ನು ಬಿಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ ಎಂದಳು. ಬಿಡು ಎಂದು ಯಾರು ಅಂದರು ಎಂದೆ. ಒಳಗೆ ಚುಚ್ಚಿದ್ದು ನಿಜ.

ಆಪರೇಶನ್ ಮಂಗಳವಾರ. ಸೋಮವಾರ ಹೊರಡುತ್ತಾರೆ. ಹುಡುಗಿ ಕತ್ತಲಾದರೆ ಹೆದರುತ್ತಾಳೆ, ತಾನೂ ಹೆದರಿದ್ದೇನೆ ಎಂದಳು. ಪ್ರಾರ್ಥನೆ ಕಳಿಸುತ್ತಿರುತ್ತೇನೆ ಎಂದೆ.

"ಕಳಸಬ್ಯಾಡ್ರಿ ಅಕ್ಕಾರ. ನೀವ ಬರ್ರಿ. ನಿಮ್ಮ ದೇವ್ರು ನಿಮ್ಮ ಸಂಗಾಟ ಬರತಾನಲ್ರಿ?"

ಹತ್ತನೇ ಇಯತ್ತೆಯ ಪರೀಕ್ಷೆ ಮುಂದಿನ ವಾರವೇ. ಯಾರೂ ರಜೆ ಕೇಳಬಾರದು ಎಂದು ಶಂಕ್ರೆಪ್ಪ ಸರ್ ನೋಟೀಸು ಹಚ್ಚಿದ್ದಾರೆ. ಅದೂ ನಾನು ಕೇಳಿ, ಕಾರಣ ಇದು ಎಂದರೆ! ನೋಡುತ್ತೇನೆ ಎಂದೆ. ಮತ್ತೆ ಅದೇ ನಾಳೆಯ ಮಾತು.

ಮಾರ್ಚ್ ೧೭, ಸೋಮವಾರ, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ.

ಬಬಲೇಶ್ವರದಿಂದ ಅವರು ವಿಜಯಪುರಕ್ಕೆ ಬಂದು ಮಿರಜದ ಬಸ್ಸು ಹಿಡಿದರು; ಅದು ತಿಕೋಟಾ ಮೇಲೆಯೇ ಹೋಗುತ್ತದೆ. ಅಲ್ಲಿಯತನಕ ಜೊತೆಗೆ ಬರುತ್ತೇನೆ ಎಂದು ಹತ್ತಿದೆ. ಕಿಟಕಿ ಪಕ್ಕ ಕರ್ಚೀಫು! ರಾಜಾರಾಮ ಚೀಲಗಳೊಂದಿಗೆ ಹಿಂದೆ ಕೂತ. ಸಂಘಮಿತ್ರಾ ನಮ್ಮಿಬ್ಬರ ನಡುವೆ. ತೂಕ ಏರಿದಂತೆ ನನಗೇನೂ ಕಾಣಲಿಲ್ಲ.

ಊರು ದಾಟಿತು. ಆಮ್ರಪಾಲಿ ನನ್ನ ಕೈ ಹಿಡಿದಳು. ಕೇಳಿಸುವ ಹಾಗೆ ಮಾಡಿ ಎಂದಳು. ಕಣ್ಣು ಮುಚ್ಚಿದೆ. ಚರ್ಚಿನಲ್ಲಿ ಕಲಿತ ಒಂದು ಮಾತೂ ನೆನಪಾಗಲಿಲ್ಲ.

"ಯೇಸಪ್ಪಾ, ಈ ಕೂಸಿನ ಎದಿ ಮ್ಯಾಲ ಕೈ ಇಡು. ಇಕಿ ಅವ್ವಗ ಭಾಳ ಅಂಜಿಕಿ ಆಗೇತಿ. ನನಗೂ ಆಗೇತಿ."

ಅಷ್ಟೇ ಬಂತು. ಹಿಂದಿನ ಸೀಟಿನ ಹಾಡು ನಿಲ್ಲಲಿಲ್ಲ, ಅವಳೂ ಗದರಲಿಲ್ಲ. ಕಣ್ಣು ತೆರೆದಾಗ ಅವಳ ತುಟಿಯೂ ಅಲ್ಲಾಡುತ್ತಿತ್ತು. ತನ್ನ ವಂದನೆ ಹೇಳಿಕೊಳ್ಳುತ್ತಿದ್ದಳೋ ಏನೋ. ಕೇಳಲಿಲ್ಲ.

ತಿಕೋಟಾ ಬಂತು. ಕಂಡಕ್ಟರ್ ಕೂಗಿದ. ಶಾಲೆಗೆ ತಡವಾಗುತ್ತದೆ, ಇಳಿಯಿರಿ ಎಂದಳು ಆಮ್ರಪಾಲಿ. ಕೈ ಮಾತ್ರ ಬಿಡಲಿಲ್ಲ.

ಇಳಿಯಲಿಲ್ಲ. ಮಿರಜಕ್ಕೆ ಟಿಕೇಟು ಕೊಡಿ ಎಂದೆ. ಬದಲಿಗೆ ಒಂದು ಸೀರೆಯೂ ತಂದಿಲ್ಲ, ಮಕ್ಕಳ ಉತ್ತರಪತ್ರಿಕೆ ಚೀಲದಲ್ಲೇ ಇವೆ. ಈಗ ದ್ರಾಕ್ಷಿ ತೋಟಗಳೂ ಹಿಂದೆ ಬಿದ್ದವು. ಈ ರಸ್ತೆಯಲ್ಲಿ ಇದಕ್ಕಿಂತ ಮುಂದೆ ನಾನು ಬಂದದ್ದೇ ಇಲ್ಲ. ಹುಡುಗಿ ನನ್ನ ತೋಳಿಗೆ ಒರಗಿದ್ದಾಳೆ. ತುಟಿ ಅಲ್ಲಾಡುತ್ತಿಲ್ಲ, ಇದು ನಿದ್ದೆಯೇ.

ಶಂಕ್ರೆಪ್ಪ ಸರ್ ಫೋನು. ಒಮ್ಮೆ ಬಂದು ನಿಂತಿತು. ಜ್ವರ ಎನ್ನಬಹುದು, ನೆಂಟರ ಮನೆಯಲ್ಲಿ ಏನೋ ಆಯಿತು ಎನ್ನಬಹುದು. ಮತ್ತೆ ಬಂತು. ಎತ್ತುತ್ತೇನೆ. ಇದ್ದದ್ದನ್ನೇ ಹೇಳುತ್ತೇನೆ — ಯಾರ ಜೊತೆ ಹೊರಟಿದ್ದೇನೆ, ಯಾರ ಹೆಸರಿನಲ್ಲಿ ಎಂದು.