ಒಂದು ತಟ್ಟಿದರೆ ಬೆರಳು

ಫೆಬ್ರವರಿ 11, ಸೋಮವಾರ

ಬೆಳಗ್ಗೆ ಎರಡು ಗ್ರಾಮಫೋನ್ ರೆಕಾರ್ಡ್ ತೊಳೆದೆ. ಹೀಟರ್ ಶಾಖಕ್ಕೆ ಕೋಣೆ ಒಣಗಿ ಹೋಗಿದೆ. ಒರೆಸಿದಷ್ಟೂ ರೆಕಾರ್ಡ್ ಧೂಳು ಎಳೆದುಕೊಳ್ಳುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಕೂತೆ. ಬಿಷ್ಕೆಕ್‌ನಲ್ಲಿ ಚಳಿಗಾಲ ಬಂದರೆ ಇದೇ ಗೋಳು. ಕೇಳುವ ಚಟಪಟದಲ್ಲಿ ಅರ್ಧ ಗೀರಿನದಲ್ಲ, ಒಣ ಗಾಳಿಯದು.

ಹನ್ನೊಂದಕ್ಕೆ ಬುರುಲ್ಚಾ ಬಂದಳು. ಮೂರು ತಂತಿಯ ಕೊಮುಜ್ ವಾದ್ಯ ಬಾರಿಸುತ್ತಿದ್ದ ಎಸೆನಾಲಿಯವರ ಮಗಳು. ಅವರು ತೀರಿಕೊಂಡು ವರ್ಷವಾಗುತ್ತಾ ಬಂತು. ಮಾರ್ಚ್ 2ಕ್ಕೆ ವರ್ಷದ ಊಟ. ಅಂದು ಬಂದವರಿಗೆ ಅಪ್ಪನ ವಾದನ ಕೇಳಿಸಬೇಕಂತೆ. ಪಾರ್ಶ್ವವಾಯು ಬಡಿದ ಮೇಲೆ ಇಪ್ಪತ್ತು ವರ್ಷ ಅವರು ತಂತಿ ಮುಟ್ಟಿರಲಿಲ್ಲ. ಇರುವುದು ಅವಳು ತಂದಿರುವ 1976ರ ಈ ಒಂದು ರೆಕಾರ್ಡ್, ಅದರಲ್ಲಿ ಅವರದು ಮೂರು ನಿಮಿಷ ನಲವತ್ತು ಸೆಕೆಂಡ್.

ಕೈಗೆ ಅಂಟಂಟು ಹತ್ತಿತು.

"ಎಲ್ಲಿಟ್ಟಿದ್ರಿ ಇದನ್ನ?"

"ಅಡುಗೆಮನೇಲಿ, ಅಪ್ಪನ ಫೋಟೋ ಕೆಳಗೆ."

"ಒಲೆ ಪಕ್ಕ?"

"ಗುರುವಾರ ಗುರುವಾರ ಹಿಟ್ಟು ಕರೀತೀವಲ್ಲ ಜಪಾರಣ್ಣ, ಅಪ್ಪಂಗೆ ವಾಸನೆ ಮುಟ್ಲಿ ಅಂತ. ಹತ್ರ ಇರ್ಲಿ ಅಂತ ಅಲ್ಲೇ ಇಟ್ವಿ."

ಐವತ್ತು ಗುರುವಾರದ ಎಣ್ಣೆ ರೆಕಾರ್ಡಿನ ಗೆರೆಗಳಲ್ಲಿ ಇಳಿದು ಕೂತಿದೆ.

"ಮುಟ್ಟಿದೆ ಬಿಡು," ಅಂದೆ. "ಚೆನ್ನಾಗೇ ಮುಟ್ಟಿದೆ."

ಒಂದು ವಿಷಯ ಹೇಳಲಿಲ್ಲ. ಈ ವಾದನದ ಮೂಲ ಟೇಪ್ ಇತ್ತು. 1994ರಲ್ಲಿ ಹೊಸ ಟೇಪ್ ಸಿಗುತ್ತಿರಲಿಲ್ಲ. ಹಳೆಯದನ್ನೇ ಅಳಿಸಿ ಬಳಸಿ ಎಂದು ನಾನು ಕೆಲಸಕ್ಕಿದ್ದ ಸ್ಟುಡಿಯೋದಲ್ಲಿ ಪಟ್ಟಿ ಕೊಟ್ಟರು. ಎಸೆನಾಲಿಯವರ ಹೆಸರು ಏಳನೆಯದು. ಅಳಿಸಿದ್ದು ನಾನು.

ಫೆಬ್ರವರಿ 13

ಸೋಪು ನೀರು, ಮೃದು ಬ್ರಷ್, ಮೂರು ಸಲ. ಆಮೇಲೆ ಬಿಳಿ ಅಂಟು ಬಳಿದು, ಒಣಗಿಸಿ, ಸಿಪ್ಪೆಯ ಹಾಗೆ ಸುಲಿದೆ. ಎಣ್ಣೆ ಹೋಯಿತು. ಗೀರುಗಳು ಹೋಗಲಿಲ್ಲ, ಹೋಗುವಂಥವೂ ಅಲ್ಲ. ಉಳಿದದ್ದು ಕಂಪ್ಯೂಟರ್ ಕೆಲಸ. ಬೆನ್ನು ನೋವು.

ಫೆಬ್ರವರಿ 15

ವಾದನವನ್ನು ಕಂಪ್ಯೂಟರಿಗೆ ಇಳಿಸಿದೆ. ಅದು ಗೀರಿನವೆಂದು 1,140 ಸದ್ದು ಹುಡುಕಿ ತೆಗೆಯಿತು. ಪರದೆಯ ಮೇಲೆ ಸದ್ದಿನ ಗೆರೆ ನಯವಾಗಿದೆ. ಬುರುಲ್ಚಾಗೆ ಕಳಿಸಿದೆ. ಮುಗಿಯಿತು.

ಫೆಬ್ರವರಿ 16

ಮುಗಿದಿಲ್ಲ. ಎಸೆನಾಲಿಯವರ ಹೆಂಡತಿ ಜೂರಕಾನಮ್ಮ ತಾವೇ ಬಂದರು. ವಯಸ್ಸು ಎಂಬತ್ತನಾಲ್ಕು, ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಏದುಸಿರಿನಲ್ಲೇ ಕೇಳಿದರು.

"ಇದನ್ನ ಬಾರಿಸ್ತಿರೋನು ಯಾರೋ?"

"ನಿಮ್ಮ ಯಜಮಾನರೇ ಅಮ್ಮಾ."

"ಕೈ ಎಲ್ಲಿ?"

ಅರ್ಥವಾಗಲಿಲ್ಲ. ಮೇಜಿನ ಮೇಲೆ ಬಾರಿಸಿ ತೋರಿಸಿದರು. ಅವರ ಯಜಮಾನರು ತಂತಿ ಮೀಟುವಾಗ ಬೆರಳಿನ ಉಗುರು ವಾದ್ಯದ ಹಲಗೆಗೂ ಬಡಿಯುತ್ತಿತ್ತು. ಟಕ್. ಟಕ್ ಟಕ್.

"ಕುದುರೆ ಕಾಲು ಕತ್ತರಿಸಿ ಓಡು ಅಂದಂಗಾಯ್ತು ನಿನ್ನ ಕೆಲಸ."

ಗೀರು ಎಂದುಕೊಂಡು ಕಂಪ್ಯೂಟರ್ ಅವನ್ನೂ ತೆಗೆದಿದೆ. ಕೇಳಿದ್ದರೆ ನನಗೆ ಗೊತ್ತಾಗಬೇಕಿತ್ತು. ಕೇಳಿದ್ದೆ. ಆದರೆ ಮೇಲಿನ ಸ್ವರಗಳು ನಿಮ್ಮ ಕಿವಿಗೆ ಬೀಳುತ್ತಿಲ್ಲ ಎಂದು ಡಾಕ್ಟರ್ ಹೋದ ವರ್ಷವೇ ಹೇಳಿದ್ದರು. ನನಗೆ ಗೀರೂ ಒಂದೇ, ಉಗುರೂ ಒಂದೇ. ಅದಕ್ಕೇ ಗೆರೆ ನೋಡಿ ಒಪ್ಪಿಕೊಂಡೆ. ಮೂವತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವನು.

ಎರಡನೇ ಸಲ ಅಳಿಸಿದ ಹಾಗಾಯಿತು.

ಫೆಬ್ರವರಿ 18

ಮೊದಲಿಂದ ಶುರು. ಜೂರಕಾನಮ್ಮ ಪಕ್ಕದಲ್ಲಿ. ಒಂದೊಂದು ಸದ್ದಿಗೂ ನಿಲ್ಲಿಸುತ್ತೇನೆ. ಮಾತಾಡಿ ಆಯಾಸವಾಗುವುದು ಬೇಡವೆಂದು ಒಂದು ಲೆಕ್ಕ ಮಾಡಿಕೊಂಡೆವು: ಮೇಜು ಒಂದು ತಟ್ಟಿದರೆ ಬೆರಳು, ಎರಡು ತಟ್ಟಿದರೆ ಗೀರು. ಬೆರಳನ್ನು ಬಿಡುತ್ತೇನೆ, ಗೀರು ತೆಗೆಯುತ್ತೇನೆ. ಇದೇ ನೋಟ್‌ಬುಕ್ಕಿನ ಹಿಂದೆ ಗುರುತು ಹಾಕುತ್ತಿದ್ದೇನೆ. ಮೂರು ಗಂಟೆ ಕೂತು ನಲವತ್ತು ಸೆಕೆಂಡ್ ದಾಟಿದೆವು.

ಫೆಬ್ರವರಿ 20

ಅವರಿಗೆ ಗೀರುಗಳ ಪರಿಚಯವೂ ಇದೆ. ವಾದನದ 1:52ಕ್ಕೆ ಎರಡು ತಟ್ಟಿ, "ಇದು ಬುರುಲ್ಚಾ. ಮೂರು ವರ್ಷದವಳು, ಸೂಜಿ ಹಿಡಿದು ಎಳೆದಳು," ಅಂದರು.

"ನಾನಲ್ಲ, ನಮ್ಮಣ್ಣ," ಅಂದಳು ಜೊತೆಗೆ ಬಂದಿದ್ದ ಬುರುಲ್ಚಾ.

"ನೀನೇ. ಏಟು ತಿಂದದ್ದು ಅವನು."

ಬುರುಲ್ಚಾ ಚಹಾ ತರಲು ಒಳಗೆ ಹೋದಾಗ ಹೇಳಿಬಿಟ್ಟೆ. ಟೇಪ್ ಇತ್ತು, ಅಳಿಸಿದ್ದು ನಾನು.

ಮುದುಕಿ ಮೇಜಿನಿಂದ ಕೈ ತೆಗೆದರು.

"ಗೊತ್ತು. ಅವರಿಗೂ ಗೊತ್ತಿತ್ತು. ಅದಕ್ಕೇ ಈ ರೆಕಾರ್ಡ್ ಯಾರ ಕೈಗೂ ಕೊಡ್ತಿರ್ಲಿಲ್ಲ. ನಿನಗಂತೂ ಕೊಡಲೇಬೇಡ ಅಂದಿದ್ರು." ಕೆಮ್ಮಿದರು. "ಹ್ಞಾಂ, ಮುಂದಿನದು ಹಾಕು."

ಫೆಬ್ರವರಿ 22

2:50ಕ್ಕೆ ಬಂದೆವು. ಉಳಿದದ್ದು ಐವತ್ತು ಸೆಕೆಂಡ್. ಕೆಮ್ಮು ಜಾಸ್ತಿಯಾಗಿದೆ. ನಾನೇ ನಿಮ್ಮ ಮನೆಗೆ ಬರುತ್ತೇನೆ ಎಂದೆ. "ಯಂತ್ರಗಳನ್ನ ಹೊತ್ಕೊಂಡಾ? ನಿನ್ನ ಬೆನ್ನಲ್ಲಾ?" ಸೋಮವಾರ ಬರುತ್ತಾರಂತೆ.

ಮಾರ್ಚ್ 3

ನಿನ್ನೆ ವರ್ಷದ ಊಟವಾಯಿತು. ಮುಂದೂಡುವ ಹಾಗಿರಲಿಲ್ಲ. ಕುದುರೆ ಕಡಿದಾಗಿತ್ತು, ನಾರಿನ್ ಕಡೆಯಿಂದ ಜನ ಬಂದಾಗಿತ್ತು. ಜೂರಕಾನಮ್ಮ ಆಸ್ಪತ್ರೆಯಲ್ಲಿ. ಕೆಮ್ಮು ಶ್ವಾಸಕೋಶಕ್ಕೆ ಇಳಿದಿದೆ. ನನ್ನಲ್ಲಿಗೆ ಬರಬೇಕಿದ್ದ ಆ ಸೋಮವಾರದಿಂದಲೂ ಅಲ್ಲೇ.

ವಾದನ ಹಾಕಿದೆ. 2:50ರ ತನಕ ಕೈ ಇತ್ತು, ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಮುಂದಿನದನ್ನು ನಾನು ಮುಟ್ಟಿರಲಿಲ್ಲ. ಚಟಪಟ ಶುರುವಾಯಿತು. ನಾರಿನ್‌ನ ಒಬ್ಬ ಮುದುಕ ಪಕ್ಕದವನಿಗೆ, "ಹಿಂದ್ಗಡೆ ಯಾರೋ ಹಿಟ್ಟು ಕರೀತಾವ್ರೆ," ಅಂದ. ಒಂದಿಬ್ಬರು ನಕ್ಕರು. ಬುರುಲ್ಚಾ ನಗಲಿಲ್ಲ.

ಮಾರ್ಚ್ 6, ಮಧ್ಯಾಹ್ನ 3.10

ಆಸ್ಪತ್ರೆಯಿಂದ ಬುರುಲ್ಚಾ ಫೋನ್. "ಅಮ್ಮಂಗೆ ಮಾಸ್ಕ್ ಹಾಕಿದಾರೆ, ಮಾತಾಡೋಕಾಗಲ್ಲ. ಕೈ ಸನ್ನೆ ಮಾಡ್ತಾಳೆ, ಉಳಿದದ್ದು ಹಾಕು ಅಂತ. ಕಿವಿಗೆ ಫೋನ್ ಹಿಡೀತೀನಿ. ಮಂಚದ ಕಂಬಿ ತಟ್ತಾಳೆ."

ಫೋನಿನಲ್ಲಿ ಮೇಲಿನ ಸ್ವರ ಅರ್ಧವೂ ಹೋಗುವುದಿಲ್ಲ. ಹೇಳಲಿಲ್ಲ. ಹಾಕಿದೆ.

2:51, ಎರಡು. 2:53, ಒಂದು. 2:54, ಒಂದು.

ಮಧ್ಯಾಹ್ನ 3.50

ಇನ್ನೂ ಲೈನಿನಲ್ಲೇ ಇದ್ದೇವೆ. ಫೋನ್ ಸ್ಪೀಕರಿನಲ್ಲಿಟ್ಟು ಬರೆಯುತ್ತಿದ್ದೇನೆ. ವಾದನದ 3:20ರಿಂದ ಉತ್ತರ ತಡವಾಗುತ್ತಿದೆ. ಸಾಕು ಎಂದೆ. "ನಿಲ್ಲಿಸೋದು ಬೇಡ ಅಂತ ತಲೆ ಆಡಿಸ್ತಿದಾಳೆ ಅಣ್ಣ."

ಕೊನೆಯದು. 3:38. ತಂತಿಯ ನಾದ ನಿಂತ ಮೇಲೆ ಒಂಟಿಯಾಗಿ ಒಂದು ಟಕ್. ಕೈ ಇಳಿಸುವಾಗ ಉಗುರು ತಾಗಿದ್ದಿರಬಹುದು. ಸೂಜಿ ಎತ್ತುವಾಗ ಬಿದ್ದ ಗೀರೂ ಇರಬಹುದು. ನನಗೆ ತಿಳಿಯುವುದಿಲ್ಲ.

ಮತ್ತೆ ಹಾಕಿದೆ. ಮೂರನೇ ಸಲ.

ಕಂಬಿಯ ಸದ್ದು. ಒಂದು.

ಎರಡನೇ ಸದ್ದು ಬರುತ್ತದೆಯೇ ಎಂದು ಕಾಯುತ್ತಿದ್ದೇವೆ, ನಾನೂ ಬುರುಲ್ಚಾಳೂ…