ಎರಡನೇ ಭಾಗ

ವಡಾಲ, ೧೨-೬-೧೯೭೩

ಅಮ್ಮನಿಗೆ ವಾರಿಜಾಳ ನಮಸ್ಕಾರ. ನಾವಿಬ್ಬರೂ ಸೌಖ್ಯ.

ನೀನು ಬರೆದಂತೆ ಇವರ ಹಳೇ ಎಲೆಕ್ಟ್ರಾನಿಕ್ಸ್ ಪಾಠಪುಸ್ತಕಗಳನ್ನು ಮಾರಿಯೇಬಿಡೋಣವೆಂದು ಚೀಲದಲ್ಲಿ ತುಂಬಿಸಿ ಮಾಟುಂಗದ ರದ್ದಿ ಅಂಗಡಿಗೆ ಹೋಗಿದ್ದೆ. ಇರುವುದೊಂದು ರೂಮು, ಮಂಚದಡಿಯೆಲ್ಲ ವಾಲ್ವು, ಮೀಟರು, ಆಸಿಲೋಸ್ಕೋಪುಗಳ ಚಿತ್ರವಿರುವ ಪುಸ್ತಕಗಳೇ! ಅಂಗಡಿಯ ರಾಶಿಯಲ್ಲಿ ಒಂದು ಕೆಂಪು ರಟ್ಟು ಕಂಡಿತು. ಇವರು ಮದುವೆಗೂ ಮೊದಲಿನಿಂದ ಹುಡುಕುತ್ತಿದ್ದ ಪಾಠಪುಸ್ತಕದ ಎರಡನೇ ಭಾಗ. ಮೊದಲನೇ ಭಾಗ ನನ್ನ ಚೀಲದಲ್ಲೇ ಇತ್ತು. ಬೈಯಬೇಡ ಅಮ್ಮ, ಎರಡನೆಯದನ್ನೂ ಕೊಂಡು ಎಲ್ಲವನ್ನೂ ವಾಪಸು ಹೊತ್ತು ತಂದೆ. ಚಾ ಆರಿದರೂ ಇವರು ಪುಸ್ತಕ ಕೆಳಗಿಡಲಿಲ್ಲ. ನಾನು ರದ್ದಿ ಅಂಗಡಿಗೆ ಯಾಕೆ ಹೋಗಿದ್ದೆನೆಂದು ಕೇಳಲೂ ಇಲ್ಲ.

ಪಕ್ಕದ ಮನೆಯ ದೂಜಣ್ಣ ಊರಿಂದ ಬರುವಾಗ, ನನ್ನ ಸೀರೆಗಳಿಗೆಂದು ನೀನು ತೆಗೆದಿಟ್ಟ ಟ್ರಂಕನ್ನು ಕಳಿಸು. ಸೀರೆಗಳಿಗೆ ಗೋಡೆಗೆ ಕಟ್ಟಿದ ಹಗ್ಗವೇ ಸಾಕು.

ನಿನ್ನ ಮಗಳು,
ವಾರಿಜಾ